ನಾಲ್ಕನೇ ನೋಟದಲ್ಲಿ ಕೆಂಪು ಶಾಲು

ಹೇಳಿಕೆ ಕೊಡುತ್ತಿರುವವಳು ಊರಿನಲ್ಲಿ ಎಲ್ಲರೂ ದುರ್ಬೀನಕ್ಕ ಎಂದು ಕರೆಯುವ ನಾನು. ವಯಸ್ಸು 49 ವರ್ಷ. ಉದ್ಯೋಗ: ಗುಡ್ಡದ ತುದಿಯ ವೀಕ್ಷಣಾ ಕಟ್ಟೆಯಲ್ಲಿ ಪ್ರವಾಸಿಗರಿಗೆ ದುರ್ಬೀನಿನಲ್ಲಿ ಸುತ್ತಲಿನ ಏಳು ನೋಟ ತೋರಿಸುವುದು. ವಾಸ: ಬಸ್ ನಿಲ್ದಾಣದ ಹಿಂದಿನ ಮೆಟ್ಟಿಲು ಬೀದಿ, ಕೆಳಗಿನಿಂದ ಮೂರನೇ ಮನೆ. ನಿನ್ನೆ ಶನಿವಾರ ಮಧ್ಯಾಹ್ನ ಪೊಲೀಸ್ ತಂಡ ತಪ್ಪು ಗುಡ್ಡಕ್ಕೆ ಹೋದದ್ದು ನಾನು ಕೊಟ್ಟ ಮಾಹಿತಿಯಿಂದ. ಅದು ಬೇಕೆಂದೇ ಕೊಟ್ಟ ಸುಳ್ಳು ಮಾಹಿತಿಯೇ ಎಂಬ ಪ್ರಶ್ನೆ ಎದ್ದಿರುವುದರಿಂದ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಕೆಲಸವನ್ನು 23 ವರ್ಷಗಳಿಂದ ಮಾಡುತ್ತಿದ್ದೇನೆ. ನನಗಿಂತ ಮೊದಲು ನಮ್ಮ ಅಪ್ಪ ಮಾಡುತ್ತಿದ್ದರು. ದುರ್ಬೀನು ಕಬ್ಬಿಣದ ಕಂಬದ ಮೇಲೆ ಕೂತಿದೆ. ಕಂಬದ ಸುತ್ತಲಿನ ಬಳೆಯ ಮೇಲೆ ಅಪ್ಪ ಅರ ಹಾಕಿ ಏಳು ಗುರುತು ಗೀರಿದ್ದಾರೆ. ಒಂದೊಂದು ಗುರುತಿಗೆ ಕೊಳವೆ ತಿರುಗಿಸಿ ನಿಲ್ಲಿಸಿದರೆ ಒಂದೊಂದು ನೋಟ ಸಿಗುತ್ತದೆ. ಮೊದಲನೆಯದು ದೋಣಿಗಳ ಕೆರೆ. ಮೂರನೆಯದು ಮಲಗಿದ ಅಜ್ಜ ಎಂದು ಕರೆಯುವ ಬಂಡೆಗುಡ್ಡ. ನಾಲ್ಕನೆಯದು ಜಲಪಾತ ಮತ್ತು ಅದರ ಪಕ್ಕದ ದೊಡ್ಡ ಬಿಳಿ ಬಂಡೆ. ಉಳಿದವು ಈ ಪ್ರಕರಣಕ್ಕೆ ಸಂಬಂಧಿಸಿಲ್ಲವೆಂದು ಠಾಣೆಯ ರೈಟರ್ ಹೇಳಿದ್ದರಿಂದ ಬಿಟ್ಟಿದ್ದೇನೆ. ಆದರೆ ಐದನೆಯದು ಬಹಳ ಚೆನ್ನಾಗಿದೆ ಎಂಬುದನ್ನಾದರೂ ಬರೆದುಕೊಳ್ಳಲು ಕೋರುತ್ತೇನೆ.

ಏಳೂ ನೋಟಕ್ಕೆ ನಾನು ಹೇಳುವ ಮಾತು ಬಾಯಿಪಾಠ. ಶುರುವಿನಿಂದ ಕೊನೆಯವರೆಗೆ ಸರಿಯಾಗಿ ನಾಲ್ಕು ನಿಮಿಷ, ಒಂದು ಸೆಕೆಂಡು ಹೆಚ್ಚಿಲ್ಲ ಕಡಿಮೆಯಿಲ್ಲ. ಆದ್ದರಿಂದ ನಾನು ಹೇಳುವ ಸಮಯಗಳನ್ನು ನಂಬಬಹುದು. ಮೂರನೇ ಗುರುತಿಗೆ ಬಂದಾಗ, ಅಜ್ಜನ ಹಣೆ ನೋಡಿ, ಮೂಗು ನೋಡಿ, ಹೊಟ್ಟೆ ನೋಡಿ, ಹೊಟ್ಟೆ ಮೇಲೆ ಮರ ನೋಡಿ ಎನ್ನುತ್ತೇನೆ. ಅಷ್ಟರಲ್ಲಿ ಗಾಜಿನ ಅಂಚು ಬರುತ್ತದೆ. ಅಜ್ಜನ ಕಾಲೆಲ್ಲಿ ಎಂದು ಒಮ್ಮೆ ಒಂದು ಮಗು ಕೇಳಿತ್ತು. ಚಳಿಗೆ ಮಡಚಿಕೊಂಡು ಮಲಗಿದ್ದಾನೆ ಪುಟ್ಟಾ ಎಂದು ಹೇಳಿ ಕಳಿಸಿದ್ದೆ. ಅದು ಸುಳ್ಳು ಮಾಹಿತಿ ಎಂದರೆ ಒಪ್ಪಿಕೊಳ್ಳುತ್ತೇನೆ.

ಈ ಏಳು ಜಾಗಗಳಲ್ಲಿ ಒಂದಕ್ಕೂ ನಾನು ಕಾಲಿಟ್ಟಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಎಡವಟ್ಟಿನ ಬೇರು ಇಲ್ಲೇ ಇದೆ. ಹವಾ ಚೆನ್ನಾಗಿದ್ದರೆ ಗಿರಾಕಿಗಳು ಬರುತ್ತಾರೆ, ನಾನು ಕಟ್ಟೆ ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ನನಗೆ ಬಿಡುವು, ಆಗ ಆ ದಾರಿಗಳಿಗೆಲ್ಲ ಸರಪಳಿ ಹಾಕಿರುತ್ತಾರೆ. ಇನ್ನೊಂದು ವಿಷಯ: ಮಂಜು ಏಳುವುದು ಕಂಡ ತಕ್ಷಣ ದುರ್ಬೀನಿಗೆ ಮುಚ್ಚಳ ಹಾಕಬೇಕು, ತೇವ ಕೂತರೆ ಗಾಜಿಗೆ ಬೂಷ್ಟು ಹಿಡಿಯುತ್ತದೆ ಎಂದು ಅಪ್ಪ ಕಲಿಸಿದ್ದರು. ಹಾಗಾಗಿ ಅಪ್ಪನೂ ನಾನೂ ಮಂಜಿನ ಗುಡ್ಡಗಳನ್ನು ದುರ್ಬೀನಿನಲ್ಲಿ ಒಮ್ಮೆಯೂ ನೋಡಿದವರಲ್ಲ.

ನಿನ್ನೆ ಮಧ್ಯಾಹ್ನ 2.10ಕ್ಕೆ ಒಂದು ಪ್ರವಾಸಿ ವ್ಯಾನು ಬಂತು. ಹದಿನಾಲ್ಕು ಜನ ಇಳಿದರು. ಎಲ್ಲರಿಗಿಂತ ಮೊದಲು ದುರ್ಬೀನಿಗೆ ಕಣ್ಣಿಟ್ಟವರು ಅರವತ್ತು ದಾಟಿದ ಒಬ್ಬರು. ಕಿವಿಯ ಮೇಲೆ ಪೆನ್ಸಿಲು, ಕುತ್ತಿಗೆಯಲ್ಲಿ ಅಳತೆ ಟೇಪು. ಪ್ರವಾಸಕ್ಕೆ ಬಂದರೂ ಟೇಪು ತೆಗೆದಿಡದ ದರ್ಜಿಯನ್ನು ನಾನು ಇದೇ ಮೊದಲು ಕಂಡದ್ದು. ಅವರ ಕೈಯಲ್ಲಿ ಏಳು ಜಾಗಗಳ ಪಟ್ಟಿಯಿತ್ತು. ಐದಕ್ಕೆ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದರು. ಅಜ್ಜನ ಮೂಗು ನೋಡಿ ಎಂದು ನಾನು ಹೇಳಿದಾಗ, ಬೆಳಿಗ್ಗೆ ಅಲ್ಲಿಗೇ ಹೋಗಿದ್ವಿ ಕಣಮ್ಮಾ, ಅಜ್ಜಾನೂ ಇಲ್ಲ ಮೂಗೂ ಇಲ್ಲ, ಬರೀ ಕಲ್ಲು, ನೀವು ಇಲ್ಲಿ ಕೂತು ಜನರ ಕಣ್ಣಿಗೆ ಮಣ್ಣು ಹಾಕ್ತಿದ್ದೀರಿ ಎಂದರು. ಬೇರೆ ದಿನವಾಗಿದ್ದರೆ ಸರಿಯಾಗಿ ಉತ್ತರ ಕೊಡುತ್ತಿದ್ದೆ. ಹಿಂದೆ ಸಾಲು ಉದ್ದವಿದ್ದುದರಿಂದ ಮುಂದಿನವರನ್ನು ಕರೆದೆ.

2.22ಕ್ಕೆ ಅದೇ ಗುಂಪಿನ ಎರಡನೇ ವ್ಯಾನು ಬಂತು. ಅದರಲ್ಲಿ ಹದಿನಾಲ್ಕರ ಬದಲು ಹದಿಮೂರು ಜನ ಇದ್ದರು. ಇಲ್ಲದವರು ಈ ದರ್ಜಿಯವರ ಹೆಂಡತಿ. ಹಿಂದಿನ ವ್ಯಾನಿನಲ್ಲಿ ಗೆಳತಿಯರ ಜೊತೆ ಇರುತ್ತಾಳೆಂದು ದರ್ಜಿಯವರು ತಿಳಿದಿದ್ದರು. ಗಂಡನ ಜೊತೆ ರಾಜಿಯಾಗಿ ಮುಂದಿನ ವ್ಯಾನು ಹತ್ತಿದ್ದಾಳೆಂದು ಗೆಳತಿಯರು ತಿಳಿದಿದ್ದರು. ರಾಜಿ ಯಾತಕ್ಕೆ ಎಂದು ದರ್ಜಿಯವರನ್ನು ಕೇಳಿದೆ. ಬೆಳಿಗ್ಗೆ ಕೆರೆ ಹತ್ತಿರ, ಇನ್ನೊಂದು ಗಳಿಗೆ ಕೂತಿರೋಣ ಅಂದ್ಲು, ನಾನು ಪಟ್ಟಿ ತೋರಿಸಿದೆ, ಜಗಳ ಆಯ್ತು, ಆಮೇಲೆ ನಾನು ಅವಳ ಕಡೆ ತಿರುಗಿ ನೋಡೇ ಇಲ್ಲ ಎಂದರು. ಆಮೇಲೆ ಅವರು ಅಜ್ಜನ ಗುಡ್ಡ, ಜಲಪಾತ ಎಲ್ಲ ನೋಡಿ, ಜಲಪಾತದ ಬಳಿ ಊಟವನ್ನೂ ಮುಗಿಸಿ ಬಂದಿದ್ದರು. ಹೆಂಡತಿಯನ್ನು ಕೊನೆಯದಾಗಿ ಎಲ್ಲಿ ಕಂಡದ್ದೆಂದು ಅವರಿಗೂ ಗೊತ್ತಿಲ್ಲ, ಉಳಿದ ಇಪ್ಪತ್ತಾರು ಜನರಿಗೂ ಗೊತ್ತಿಲ್ಲ. ಆ ಅಮ್ಮನ ಮೊಬೈಲು ಕೇಳಿದರೆ ಅದು ಗಂಡನ ಕೋಟಿನ ಜೇಬಿನಲ್ಲೇ ಇತ್ತು.

2.26ಕ್ಕೆ ನಾನು ಸಾಲಿನಲ್ಲಿದ್ದವರನ್ನೆಲ್ಲ ಪಕ್ಕಕ್ಕೆ ಸರಿಸಿ ದುರ್ಬೀನು ಹಿಡಿದೆ. ಏನು ಬಣ್ಣ ಉಟ್ಟಿದ್ದಾರೆ ಎಂದು ಕೇಳಿದ್ದಕ್ಕೆ ದರ್ಜಿಯವರು, ಕೆಂಪು ಶಾಲು, ನಾನೇ ಅಂಚು ಹೊಲಿದದ್ದು ಎಂದರು. ಒಂದು, ಎರಡು, ಮೂರು ಗುರುತು ನೋಡಿದೆ. ಏನೂ ಇಲ್ಲ. ನಾಲ್ಕನೇ ಗುರುತಿಗೆ ತಿರುಗಿಸಿ ಅಲ್ಲೇ ನಿಲ್ಲಿಸಿದೆ. ನಾಲ್ಕನೇ ನೋಟದಲ್ಲಿ ಬಿಳಿ ಇದೆ, ಹಸಿರು ಇದೆ, ಕೆಳಗೆ ಕಪ್ಪು ಬಂಡೆ ಇದೆ. ಕೆಂಪು ಇಲ್ಲ. 23 ವರ್ಷದಲ್ಲಿ ಒಂದು ದಿನವೂ ಅಲ್ಲಿ ಕೆಂಪು ಇರಲಿಲ್ಲ. ನಿನ್ನೆ ಬಿಳಿ ಬಂಡೆಗೆ ತಾಗಿದಂತೆ, ಎಡಗಡೆ, ಕಪ್ಪು ಬಂಡೆಯ ಅಂಚಿನಲ್ಲಿ ಕೆಂಪು ಇತ್ತು, ಅದು ಅಲುಗಿತು. ಸಿಕ್ಕಿದ್ರು, ಸಿಕ್ಕಿದ್ರು ಎಂದು ನಾನು ಕಟ್ಟೆ ಹಾರಿಹೋಗುವ ಹಾಗೆ ಕೂಗಿದೆ.

ದರ್ಜಿಯವರು ಕಣ್ಣಿಟ್ಟರು. ಈ ಸಲ ಅಣಕದ ಮಾತಿಲ್ಲ. ಕೂತಿದ್ದಾಳೆ, ಒಂದು ಕಾಲು ಚಾಚಿದ್ದಾಳೆ, ಕೆಳಗೆ ಏನೂ ಇಲ್ಲ ಕಣಮ್ಮಾ, ಗಾಳಿ ಮಾತ್ರ ಇದೆ ಎಂದರು. ಅವರು ಕಂಬದ ಮೇಲೆ ಭಾರ ಹಾಕಿದ್ದರಿಂದ ಗುರುತು ತಪ್ಪದಂತೆ ನಾನು ಕೊಳವೆಯನ್ನು ಹಿಡಿದುಕೊಂಡೆ.

2.33ಕ್ಕೆ ನಾನು ಹೊರಠಾಣೆಗೆ ಫೋನು ಮಾಡಿ, ಜಲಪಾತದ ಪಕ್ಕದ ಬಿಳಿ ಬಂಡೆಯಿಂದ ಎಡಕ್ಕೆ ಹತ್ತೇ ಹೆಜ್ಜೆ, ಬೇಗ ಹೋಗಿ ಎಂದು ತಿಳಿಸಿದೆ. ಹೆಡ್ ಕಾನ್‌ಸ್ಟೆಬಲ್ ಅವರು, ಖಚಿತವಾಗಿ ಗೊತ್ತಾ ಎಂದು ಕೇಳಿದರು. ನನ್ನ ಅಂಗೈಯಷ್ಟೇ ಚೆನ್ನಾಗಿ ಗೊತ್ತು ಸಾರ್ ಎಂದು ಹೇಳಿದೆ. ಆ ಮಾತು ಹೇಳಬಾರದಿತ್ತು. ಅವರು ಇಬ್ಬರು ಅರಣ್ಯ ಕಾವಲುಗಾರರೊಂದಿಗೆ 2.40ಕ್ಕೆ ಜೀಪಿನಲ್ಲಿ ಹೊರಟರು.

3.08ಕ್ಕೆ ಹೆಡ್ ಕಾನ್‌ಸ್ಟೆಬಲ್ ಅವರು ಫೋನು ಮಾಡಿ, ಬಿಳಿ ಬಂಡೆ ಹತ್ತಿರ ಬಂದಿದ್ದೀವಿ, ಇಲ್ಲಿ ಯಾರೂ ಇಲ್ಲ ಎಂದರು. ನಾನು ದುರ್ಬೀನಿನಲ್ಲಿ ನೋಡಿದೆ. ಖಾಕಿ ಬಟ್ಟೆ ಕಂಡಿತು. ಖಾಕಿಯ ಪಕ್ಕದಲ್ಲೇ ಕೆಂಪು ಶಾಲು. ನಡುವೆ ಒಂದು ಮಾರು ಜಾಗವೂ ಇಲ್ಲ. ನಿಮ್ಮ ಎಡಗೈ ಪಕ್ಕದಲ್ಲೇ ಇದ್ದಾರೆ ಸಾರ್, ಕೈ ಚಾಚಿ ಎಂದೆ. ಅವರು ಕೈ ಚಾಚಿದ್ದನ್ನು ಕಣ್ಣಾರೆ ಕಂಡೆ. ಕೈ ಶಾಲಿಗೆ ತಾಗಿತು. ಹಿಡಿದ್ರಾ ಸಾರ್ ಎಂದು ಕೇಳಿದೆ. ಏನನ್ನ ಹಿಡೀಲಿ, ಗಾಳಿನಾ ಎಂದು ಅವರು ಗದರಿದರು. ಇನ್ನೂ ಸ್ವಲ್ಪ ಎಡಕ್ಕೆ ಎಂದೆ. ಇನ್ನೂ ಎಡಕ್ಕೆ ಹೋದ್ರೆ ನಾನು ಕೆಳಗಿರ್ತೀನಿ, ತಮಾಷೆ ಮಾಡ್ತಿದ್ದೀಯಾ, ಸುಳ್ಳು ಮಾಹಿತಿ ಕೊಟ್ರೆ ಕೇಸ್ ಹಾಕ್ತೀನಿ ಎಂದರು. ಕಣ್ಣೆದುರಿಗೆ ಇಬ್ಬರೂ ಅಕ್ಕಪಕ್ಕ ಇದ್ದಾರೆ, ಒಬ್ಬರಿಗೆ ಒಬ್ಬರು ಕಾಣುತ್ತಿಲ್ಲ. 23 ವರ್ಷ ಅನ್ನ ಕೊಟ್ಟ ದುರ್ಬೀನಿನ ಮೇಲೆಯೇ ನನಗೆ ಅನುಮಾನ ಬಂತು.

ಆಗ ದರ್ಜಿಯವರು ನನ್ನನ್ನು ಸರಿಸಿ ಕಣ್ಣಿಟ್ಟರು. ಕಣ್ಣು ತೆಗೆಯದೆಯೇ ಕುತ್ತಿಗೆಯ ಟೇಪು ಬಿಚ್ಚಿ ಬೆರಳಿಗೆ ಸುತ್ತಿಕೊಂಡರು. ಆ ಹೆಡ್ ಕಾನ್‌ಸ್ಟೆಬಲ್ ಎಷ್ಟು ಎತ್ತರ ಇದ್ದಾರೆ ಎಂದು ನನ್ನನ್ನು ಕೇಳಿದರು. ನಾನು ಫೋನಿನಲ್ಲೇ ಕೇಳಿದೆ. ಅವರು ಆರಡಿ ಎಂದು ಹೇಳಿ, ಯಾಕೆ ಎಂದು ಇನ್ನೂ ಜೋರಾಗಿ ಗದರಿದರು. ದರ್ಜಿಯವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು:

"ನಮ್ಮನೆಯವಳು ನಿಂತ್ರೆ ಐದಡಿ ಒಂದಿಂಚು. ಈಗ ಕೂತಿದ್ದಾಳೆ. ಆ ಪೊಲೀಸಪ್ಪ ನಿಂತಿದ್ದಾನೆ. ಇಬ್ರೂ ಒಂದೇ ಎತ್ತರ ಕಾಣ್ತಿದ್ದಾರೆ. ನಲವತ್ತು ವರ್ಷದಿಂದ ಜನಗಳ ಅಳತೆ ತಗೊಂಡಿದ್ದೀನಮ್ಮಾ. ಇವರಿಬ್ರೂ ಒಂದೇ ಜಾಗದಲ್ಲಿ ಇಲ್ಲ."

ಅಲ್ಲಿಯವರೆಗೆ ನಾನು ಹೆಡ್ ಕಾನ್‌ಸ್ಟೆಬಲ್ ಅವರು ಗಿಡ್ಡಗಿದ್ದಾರೆ ಎಂದಷ್ಟೇ ತಿಳಿದಿದ್ದೆ. ಇವತ್ತು ಠಾಣೆಯಲ್ಲಿ ಅವರನ್ನು ಕಂಡೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಾರೆ. ಕ್ಷಮೆ ಕೋರಿದ್ದೇನೆ.

ಒಂದೇ ಜಾಗದಲ್ಲಿ ಇಲ್ಲವೆಂದರೆ ಯಾರು ಮುಂದೆ, ಯಾರು ಹಿಂದೆ, ಆ ಅಮ್ಮ ಇರುವ ಕಪ್ಪು ಬಂಡೆ ಯಾವ ಗುಡ್ಡದ್ದು? ನನಗೆ ಹೊಳೆಯಲಿಲ್ಲ. 3.19ಕ್ಕೆ ಎಡಗಡೆಯ ಕಣಿವೆಯಿಂದ ಮಂಜು ಏಳತೊಡಗಿತು. ನನ್ನ ಕೈ ತಾನಾಗಿಯೇ ಮುಚ್ಚಳ ಎತ್ತಿಕೊಂಡು ಗಾಜಿನ ಕಡೆ ಹೋಯಿತು. ದರ್ಜಿಯವರು ನನ್ನ ಮಣಿಕಟ್ಟು ಹಿಡಿದು, ಮುಚ್ಚಬೇಡಿ ತಾಯೀ, ನಿಮ್ಮ ಕಾಲಿಗೆ ಬೀಳ್ತೀನಿ, ಅವಳು ಕಾಣ್ತಿರಲಿ ಎಂದರು. ಬೂಷ್ಟು ಹಿಡಿದರೆ ಹಿಡಿಯಲಿ ಎಂದು ಮುಚ್ಚಳವನ್ನು ನೆಲದ ಮೇಲೆ ಹಾಕಿ ನಾನೇ ಕಣ್ಣಿಟ್ಟೆ.

ಮಂಜು ಎಡದಿಂದ ಬಲಕ್ಕೆ ಬಂತು. ಮೊದಲು ಜಲಪಾತ ಹೋಯಿತು. ಆಮೇಲೆ ಬಿಳಿ ಬಂಡೆ ಹೋಯಿತು. ಬಂಡೆಯ ಜೊತೆ ಹೆಡ್ ಕಾನ್‌ಸ್ಟೆಬಲ್ ಅವರೂ ಹೋದರು. ಕೆಂಪು ಶಾಲು ಹೋಗಲಿಲ್ಲ! ಹಿಂದೆ ಎಲ್ಲ ಬೆಳ್ಳಗಾದ ಮೇಲೆ ಅದು ಮೊದಲಿಗಿಂತ ಚೆನ್ನಾಗಿ ಕಂಡಿತು. ಕಪ್ಪು ಬಂಡೆಯೂ ಅದರ ಅಡಿಯಲ್ಲಿ ಹಾಗೇ ನಿಂತಿತ್ತು. ಅಂದರೆ ಮಂಜು ಕಪ್ಪು ಬಂಡೆಗೂ ಬಿಳಿ ಬಂಡೆಗೂ ನಡುವೆ ತುಂಬಿತ್ತು. ಅಂದರೆ ನಡುವೆ ಒಂದು ಕಣಿವೆಯೇ ಇತ್ತು. ನಾನು ಕೊಳವೆಯನ್ನು ಮೆಲ್ಲಗೆ ಮೂರನೇ ಗುರುತಿನ ಕಡೆ ತಿರುಗಿಸುತ್ತ ಕಪ್ಪು ಬಂಡೆಯ ಅಂಚು ಹಿಡಿದು ಹೋದೆ. ಎಲ್ಲೂ ತುಂಡಾಗಲಿಲ್ಲ. ಅದು ಮೊಣಕಾಲಾಯಿತು, ತೊಡೆಯಾಯಿತು, ಮರವಿರುವ ಹೊಟ್ಟೆಯಾಯಿತು. ಅಜ್ಜನ ಕಾಲು, ಅಜ್ಜನ ಕಾಲು ಎಂದು ನಾನು ಕಿರುಚಿದೆ. ಹತ್ತಿರ ಇದ್ದವರು ನನಗೆ ತಲೆ ಕೆಟ್ಟಿತು ಎಂದುಕೊಂಡರಂತೆ. ಇಷ್ಟು ವರ್ಷ ಅಜ್ಜನ ಕಾಲನ್ನು ನಾನು ಜಲಪಾತದ ಬಂಡೆ ಎಂದು ತೋರಿಸಿದ್ದೆ. ಠಾಣೆಯ ಗೋಡೆಯ ನಕ್ಷೆಯಲ್ಲಿ ಇವತ್ತು ಸ್ಕೇಲಿಟ್ಟು ಅಳೆದಿದ್ದೇನೆ: ಕಟ್ಟೆಯಿಂದ ಅಜ್ಜನ ಪಾದಕ್ಕೆ ನೇರ ಒಂದೂವರೆ ಕಿಲೋಮೀಟರು, ಬಿಳಿ ಬಂಡೆಗೆ ಮೂರು.

3.25ಕ್ಕೆ ಹೆಡ್ ಕಾನ್‌ಸ್ಟೆಬಲ್ ಅವರಿಗೆ ವಿಷಯ ತಿಳಿಸಿದೆ. ಅವರು ಮೂರು ಸಲ ಹೇಳಿಸಿಕೊಂಡರು. ಅಲ್ಲಿಂದ ಅಜ್ಜನ ಗುಡ್ಡಕ್ಕೆ ರಸ್ತೆಯಲ್ಲಿ 11 ಕಿಲೋಮೀಟರು, ಮಂಜಿನಲ್ಲಿ ಮುಕ್ಕಾಲು ಗಂಟೆಯಾದರೂ ಬೇಕು ಎಂದರು. ನಮ್ಮ ಕಟ್ಟೆಯಿಂದ ರಸ್ತೆಯಲ್ಲಿ ಎರಡೂವರೆ ಕಿಲೋಮೀಟರು ಮಾತ್ರ. ಮಂಜು ಆಗಲೇ ಅಜ್ಜನ ಪಾದದ ಕಡೆ ತಿರುಗಿತ್ತು. ಅದು ಮುಚ್ಚಿಕೊಂಡರೆ ಆ ಅಮ್ಮ ಎಲ್ಲಿದ್ದಾರೆಂದು ಬೆಳಗಾಗುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾಲು ಕೆಟ್ಟವರು ಆ ಚಳಿಯಲ್ಲಿ, ಆ ಅಂಚಿನಲ್ಲಿ ಬೆಳಗಿನವರೆಗೆ ಇರುತ್ತಿರಲಿಲ್ಲ.

ನಾನು ಮಳೆಗೆ ಟಾರ್ಪಾಲು ಕಟ್ಟುವ ಹಗ್ಗ ತೆಗೆದುಕೊಂಡೆ. ಮೊದಲ ವ್ಯಾನಿನ ಡ್ರೈವರಿಗೆ, ಗಾಡಿ ತೆಗಿ ತಮ್ಮಾ ಎಂದೆ. ದರ್ಜಿಯವರು ನಾನೂ ಬರ್ತೀನಿ ಎಂದು ಬಾಗಿಲು ಹಿಡಿದರು. ಬಂದ್ರೆ ಅವರನ್ನ ನೋಡೋರು ಯಾರು, ಬೆಳಿಗ್ಗೆಯಿಂದ ತಿರುಗಿ ನೋಡಿಲ್ಲ ತಾನೇ, ಈಗ ಕಣ್ಣು ಮಿಟುಕಿಸದೆ ನೋಡಿ, ನೋಡಿ ನನಗೆ ಫೋನಲ್ಲಿ ಹೇಳಿ ಎಂದೆ. ಮಾತು ಸ್ವಲ್ಪ ಒರಟಾಯಿತು. ಅವರು ತಲೆಯಾಡಿಸಿ ಹಿಂದಕ್ಕೆ ಹೋದರು. ದುರ್ಬೀನನ್ನು ಬೇರೆಯವರ ಕೈಗೆ ಬಿಟ್ಟು ನಾನು ಕಟ್ಟೆ ಇಳಿದದ್ದು ಇದೇ ಮೊದಲು.

3.31ಕ್ಕೆ ಹೊರಟು 3.39ಕ್ಕೆ ತಲುಪಿದೆವು. ಅಲ್ಲಿಂದ ಬಂಡೆಯ ಮೇಲೆ 400 ಮೀಟರ್ ನಡಿಗೆ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಹೆದರಿಕೆಯಷ್ಟೇ ಖುಷಿಯೂ ಆಯಿತು. ಆಗಬಾರದಿತ್ತು, ಆಯಿತು. ಹೊಟ್ಟೆ ಮೇಲಿನ ಮರ ಹೆಬ್ಬೆರಳಿನಷ್ಟು ಎಂದುಕೊಂಡಿದ್ದೆ, ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದು. ಓಡುತ್ತಲೇ ಅದನ್ನು ಮುಟ್ಟಿದೆ. ಅಲ್ಲಿ ನಿಂತು ನೋಡಿದರೆ ಅಜ್ಜ ಎಲ್ಲೂ ಇಲ್ಲ. ದರ್ಜಿಯವರು ಹೇಳಿದ್ದು ಸರಿ, ಬರೀ ಕಲ್ಲು.

ಅಷ್ಟರಲ್ಲಿ ಕಟ್ಟೆಯಿಂದ ದರ್ಜಿಯವರ ಫೋನು ಬಂತು. ನಿಮ್ಮ ಹಸಿರು ಸ್ವೆಟರ್ ಕಾಣ್ತಿದೆ ಅಕ್ಕಾ, ನೇರ ಬನ್ನಿ, ಇನ್ನು ನಲವತ್ತು ಗಜ ಎಂದರು. ಕಣಮ್ಮಾ ಹೋಗಿ ಅಕ್ಕ ಬಂದದ್ದನ್ನು ಗಮನಿಸಿದೆ. ಮೂವತ್ತು ಗಜ, ಬಲಕ್ಕೆ ಸರೀರಿ, ಎಡಕ್ಕೆ ಬಿರುಕು ಇದೆ ಎಂದರು. ಬಿರುಕು ಇತ್ತು, ನನಗೆ ಅದು ಕಾಲ ಬುಡಕ್ಕೆ ಬಂದ ಮೇಲೆಯೇ ಕಂಡದ್ದು. 3.50ಕ್ಕೆ ಮಂಜು ನಮ್ಮನ್ನು ಮುಚ್ಚಿತು. ಹಿಂದೆ ಬರುತ್ತಿದ್ದ ಡ್ರೈವರ್ ತಮ್ಮನ ಕೆಮ್ಮು ಕೇಳಿಸುತ್ತಿತ್ತು, ಅವನು ಕಾಣುತ್ತಿರಲಿಲ್ಲ. ಕಾಣ್ತಿದ್ದೀನಾ ಎಂದು ಫೋನಿನಲ್ಲಿ ದರ್ಜಿಯವರನ್ನು ಕೇಳಿದೆ. ಇಲ್ಲ, ಎಲ್ಲ ಬಿಳಿ, ಆದ್ರೆ ನಿಂತುಬಿಡಬೇಡಿ, ಕಾಣ್ತಿದ್ದಾಗಲೇ ಅಳತೆ ತಗೊಂಡಿದ್ದೀನಿ, ನೀವಿದ್ದಲ್ಲಿಂದ ಹದಿನಾಲ್ಕು ಗಜ, ಅಂಚು ಸಿಗುತ್ತೆ, ಕೂತ್ಕೊಂಡೇ ಜರುಗಿ, ಅವಳು ಅದರ ಕೆಳಗಿದ್ದಾಳೆ ಎಂದರು.

ನಾನು ಕೂತು, ಕೈಯಿಂದ ಮೊಳ ಹಾಕುತ್ತ ಜರುಗಿದೆ. ಗಜಕ್ಕೆ ಎರಡು ಮೊಳದ ಲೆಕ್ಕದಲ್ಲಿ ಇಪ್ಪತ್ತೆಂಟನೇ ಮೊಳಕ್ಕೆ ನನ್ನ ಬೆರಳು ಅಂಚಿನಾಚೆ ಗಾಳಿಗೆ ಹೋಯಿತು. ಒಂದು ಮೊಳ ಕೂಡ ವ್ಯತ್ಯಾಸವಿರಲಿಲ್ಲ. ಅಮ್ಮಾ ಎಂದು ಕೂಗಿದೆ. ಕೆಳಗೆ ಮೂರು ಮೀಟರಿನಿಂದ, ಯಾರದು ಎಂಬ ದನಿ ಬಂತು. ನಿಮ್ಮ ಯಜಮಾನರು ಕಳಿಸಿದ್ದಾರೆ ಎಂದೆ. ಆ ಅಮ್ಮ, ಪಟ್ಟಿ ಮುಗಿಸಿದ್ರಂತಾ ಎಂದು ಕೇಳಿದರು.

ಡ್ರೈವರ್ ಹಗ್ಗದ ತುದಿಯನ್ನು ಒಂದು ಗೂಟಗಲ್ಲಿಗೆ ಸುತ್ತಿ ಹಿಡಿದ. ನಾನು ಇಳಿದು ಆ ಅಮ್ಮನ ಸೊಂಟಕ್ಕೆ ಹಗ್ಗ ಕಟ್ಟಿದೆ. ಅಜ್ಜನ ಮುಖ ಎಲ್ಲಿದೆ ಎಂದು ಹುಡುಕುತ್ತ ಕಾಲಿನ ಕಡೆ ಬಂದು ಜಾರಿದ್ದರು. ಮೂರೂವರೆ ಗಂಟೆ ಹಾಗೇ ಕೂತಿದ್ದರು. ಹಿಮ್ಮಡಿ ಊದಿತ್ತು. ತುಟಿ ನೀಲಿಯಾಗಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಅವರನ್ನು ಮೊದಲು ಎಳೆದು, ಆಮೇಲೆ ನನ್ನನ್ನು ಎಳೆದಾಗ 4.12. ಇಬ್ಬರೂ ಬಂಡೆಯ ಮೇಲೆ ಒಬ್ಬರಿಗೊಬ್ಬರು ಆತುಕೊಂಡು ನಿಂತೆವು.

4.14ಕ್ಕೆ ಮಂಜು ಒಂದು ನಿಮಿಷ ಸರಿಯಿತು. ನಾನು ನಮ್ಮ ಕಟ್ಟೆಯ ಕಡೆ ತಿರುಗಿ ನೋಡಿದೆ. ದುರ್ಬೀನು ಕಾಣಲಿಲ್ಲ, ಕಟ್ಟೆಯೂ ಕಾಣಲಿಲ್ಲ, ಗುಡ್ಡದ ಒಂದು ತುದಿ ಮಾತ್ರ ಕಂಡಿತು. ಆದರೂ ಕೈ ಬೀಸಿದೆ. ಆ ಅಮ್ಮನೂ ಶಾಲು ಬೀಸಿದರು. ಫೋನು ಇನ್ನೂ ಕಟ್ ಆಗಿರಲಿಲ್ಲ. ದರ್ಜಿಯವರ ದನಿ ಅದರಿಂದ ಬಂತು. ಅವರು ಅಳುತ್ತಿದ್ದರು.

"ಕಾಣ್ತಿದ್ದೀರಿ ಅಕ್ಕಾ, ಇಬ್ರೂ ಒಂದೇ ಎತ್ತರ ಕಾಣ್ತಿದ್ದೀರಿ."

ನಾನು ಫೋನನ್ನು ಆ ಅಮ್ಮನ ಕಿವಿಗೆ ಹಿಡಿದೆ. ಅವರಿಬ್ಬರು ಏನು ಮಾತಾಡಿದರು ಎಂಬುದು ಪ್ರಕರಣಕ್ಕೆ ಸಂಬಂಧಿಸಿಲ್ಲ.

4.21ಕ್ಕೆ ಹೆಡ್ ಕಾನ್‌ಸ್ಟೆಬಲ್ ಅವರ ತಂಡ ಬಂತು. ಅವರೇ ಆ ಅಮ್ಮನನ್ನು ಹೊತ್ತುಕೊಂಡು ವ್ಯಾನಿನವರೆಗೆ ತಂದರು. ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ ಎಂದರಂತೆ. ಪಟ್ಟಿಯಲ್ಲಿ ಉಳಿದಿದ್ದ ಜಾಗಗಳನ್ನು ನೋಡದೆಯೇ ಗಂಡ ಹೆಂಡತಿ ಇವತ್ತು ಕೆರೆಯ ಹತ್ತಿರ ಕೂತಿದ್ದಾರೆ. ಠಾಣೆಗೆ ಹೊರಡುವ ಮುಂಚೆ ಮೊದಲ ಗುರುತಿಗೆ ತಿರುಗಿಸಿ ನೋಡಿ ಬಂದಿದ್ದೇನೆ.

ನಾನು ಹೇಳಿದ್ದು ಸುಳ್ಳು ಮಾಹಿತಿಯಲ್ಲ, ತಪ್ಪು ಮಾಹಿತಿ. ಹೋಗಿ ನೋಡದೆ ಗೊತ್ತು ಎಂದದ್ದು ನನ್ನ ತಪ್ಪು. ಅದಕ್ಕೆ ಏನು ಕ್ರಮ ಕೈಗೊಂಡರೂ ಒಪ್ಪುತ್ತೇನೆ. ಒಂದೇ ಕೋರಿಕೆ. ಬಿಳಿ ಬಂಡೆಯನ್ನೂ ಜಲಪಾತವನ್ನೂ ನಾನು ಇನ್ನೂ ಹತ್ತಿರದಿಂದ ನೋಡಿಲ್ಲ. ಬರುವ ಮಂಗಳವಾರ, ಹವಾ ಎಷ್ಟೇ ಚೆನ್ನಾಗಿರಲಿ, ದುರ್ಬೀನಿಗೆ ಮುಚ್ಚಳ ಹಾಕಿ ಅಲ್ಲಿಗೆ ಹೋಗುವವಳಿದ್ದೇನೆ. ವಿಚಾರಣೆಗೆ ಕರೆಯುವುದಿದ್ದರೆ ಆ ದಿನ ಬಿಟ್ಟು ಕರೆಯಬೇಕು.

ಇದನ್ನು ರೈಟರ್ ಅವರು ಎರಡು ಸಲ ಓದಿ ಹೇಳಿದರು. ಕಂಡದ್ದನ್ನು ಕಂಡ ಹಾಗೆ, ತಪ್ಪಾಗಿ ಕಂಡದ್ದನ್ನು ತಪ್ಪೆಂದೇ ಹೇಳಿದ್ದೇನೆ. ಎಲ್ಲವೂ ನಿಜ.

ಸ್ಥಳ: ಠಾಣೆ, ನಕ್ಷೆಯ ಪಕ್ಕದ ಮೇಜು
ದಿನಾಂಕ: 15, ಭಾನುವಾರ, ಬೆಳಿಗ್ಗೆ 10.40
ಸಹಿ: ದುರ್ಬೀನಕ್ಕ